ಹೊರಗಿನ ಚಾಪೆ

ನನ್ನ ಕಾಯಿಲೆಗೆ ನೋವಿರಲಿಲ್ಲ. ಜ್ವರವಿರಲಿಲ್ಲ. ತಿಂಗಳು ತಿಂಗಳಿಗೆ ತಪ್ಪದೆ ಮುಟ್ಟಾಗುತ್ತಿದ್ದೆ, ಅಷ್ಟೇ. ಹುಡುಗಿಯಾಗಿದ್ದಾಗ ಅದು ಆರೋಗ್ಯದ ಗುರುತು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಮದುವೆಯಾಗಿ ಎರಡು ವರ್ಷ ಕಳೆಯುವ ಹೊತ್ತಿಗೆ ಅದೇ ರೋಗಲಕ್ಷಣವಾಗಿತ್ತು.

ನಮ್ಮದು ಶೃಂಗೇರಿಯಲ್ಲಿ ಯಾತ್ರಿಕರು ಇಳಿದುಕೊಳ್ಳುವ ಒಂದು ಸಣ್ಣ ಲಾಡ್ಜು. ಮುಂಭಾಗದಲ್ಲಿ ಬಾಡಿಗೆ ಕೋಣೆಗಳು, ಹಿಂಭಾಗದಲ್ಲಿ ಮನೆ. ಗಂಡ ಗಿರೀಶ್ ಲಾಡ್ಜು ನೋಡಿಕೊಳ್ಳುತ್ತಾರೆ. ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತೇನೆ. ಮನೆಯಲ್ಲಿ ಅತ್ತೆ, ಮಾವ. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದವರಿಗೆ ಬೇರೆ ಅನಿಸಬಾರದು.

ಈ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಹೊರಗೆ ಕೂರಬೇಕು. ಹೊರಗೆ ಎಂದರೆ ಹಿಂದಿನ ಜಗಲಿಗೆ ತಾಗಿಕೊಂಡಿರುವ ಚಿಕ್ಕ ಕೋಣೆ. ಅಲ್ಲಿ ಬೇರೆ ಚಾಪೆ, ಬೇರೆ ಕಂಬಳಿ, ಬೇರೆ ತಟ್ಟೆ ಲೋಟ. ಕಾಲೇಜಿಗೆ ಹೋಗಬಹುದು, ಬಸ್ಸಿನಲ್ಲಿ ಯಾರ ಪಕ್ಕದಲ್ಲಾದರೂ ಕೂರಬಹುದು. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದು ಇನ್ನೂ ಇದೆ. ಹೊಸತರಲ್ಲಿ ನನಗೆ ಕಷ್ಟವೆನಿಸಲಿಲ್ಲ. ಓದಲು ಸಿಗುವ ಬಿಡುವು ಎಂದುಕೊಂಡಿದ್ದೆ.

ಆಮೇಲೆ ಗೊತ್ತಾಯಿತು, ಆ ಚಾಪೆ ಎಲ್ಲರಿಗೂ ಎಲ್ಲವನ್ನೂ ಹೇಳುತ್ತದೆ.

ನಾನು ಚಾಪೆ ಬಿಡಿಸಿದ ಬೆಳಿಗ್ಗೆ ಕಾಫಿ ಅತ್ತೆಯದು. ಅವರ ಕಾಫಿ ನನ್ನದಕ್ಕಿಂತ ಗಟ್ಟಿ. ಮಾವ ಮೊದಲ ಗುಟುಕಿಗೇ ಲೋಟದಿಂದ ತಲೆಯೆತ್ತಿ, ಹಿಂದಿನ ಜಗಲಿಯ ಕಡೆ ಒಮ್ಮೆ ನೋಡಿ, ಮತ್ತೆ ಪೇಪರಿಗೆ ತಲೆ ಹಾಕುತ್ತಿದ್ದರು. ಕೋಣೆ ಗುಡಿಸಲು ಬರುವಾಕೆ ಪೊರಕೆ ಹಿಡಿದು ನಿಂತು, "ಈ ಸಲವೂ ಹೊರಗಾ ಅಕ್ಕಾ?" ಎನ್ನುತ್ತಿದ್ದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮರುಕವಿತ್ತು. ನನ್ನ ಸಂಗತಿಗಳನ್ನು ಅಮ್ಮನ ಹತ್ತಿರವೂ ಬಿಡಿಸಿ ಹೇಳದ ನಾನು, ತಿಂಗಳಿಗೊಮ್ಮೆ ನನ್ನ ಒಡಲಿನ ಸೋಲನ್ನು ಇಡೀ ಮನೆಗೆ ಸಾರಿ ಅಲ್ಲಿ ಕೂರಬೇಕಿತ್ತು.

ಗಿರೀಶ್ ಅವರಿಗೆ ಬೇರೆ ಕಡೆ ಏಟು ಬೀಳುತ್ತಿತ್ತು. ಬಸ್‌ಸ್ಟ್ಯಾಂಡಿನ ಸ್ನೇಹಿತರು ಕೇಳುತ್ತಿದ್ದರಂತೆ, "ಎಂತ ಮಾರಾಯ, ಬ್ಯಾಟರಿ ಡೌನಾ? ಚಾರ್ಜಿಗೆ ಹಾಕು!" ಇವರೂ ನಗುತ್ತಿದ್ದರಂತೆ. ನಗುತ್ತಿದ್ದೆ ಎಂದು ನನಗೆ ಹೇಳುವಾಗ ಇವರ ಮುಖದಲ್ಲಿ ನಗು ಇರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಗೆ ಹೋಗುವುದೆಂದು ಇಬ್ಬರೇ ತೀರ್ಮಾನಿಸಿದೆವು. ನನ್ನ ತವರು ನರಸಿಂಹರಾಜಪುರ. ತವರಿಗೆ ಹೋಗುತ್ತೇವೆಂದು ಹೇಳಿ ಹೊರಡುವುದು, ಅಲ್ಲಿ ಅಮ್ಮನ ಕೈಯ ತಿಂಡಿ ತಿಂದು ಶಿವಮೊಗ್ಗದ ಬಸ್ಸು ಹತ್ತುವುದು. ಅಮ್ಮನಿಗೆ ಗೊತ್ತಿತ್ತು. ಶೃಂಗೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬ್ಲಡ್ ಟೆಸ್ಟ್, ಥೈರಾಯ್ಡ್, ಸ್ಕ್ಯಾನಿಂಗ್. ಇವರ ಸೆಮೆನ್ ಟೆಸ್ಟ್. ಟ್ಯೂಬ್ ತೆರೆದಿದೆಯೇ ಎಂದು ನೋಡಲು ಎಚ್.ಎಸ್.ಜಿ. ಎಂಬ ಎಕ್ಸ್‌ರೇ. ಅದು ತುಂಬಾ ನೋವಿನದು. ಆ ಟೇಬಲ್ಲಿನ ಮೇಲೆ ಮಲಗಿ ನಾನು ಬೇಡಿಕೊಂಡದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಏನಾದರೂ ಸಿಗಲಿ ಎಂದು ಬೇಡಿಕೊಂಡೆ. ಒಂದು ತಡೆ, ಒಂದು ಗಡ್ಡೆ, ಏನಾದರೂ.

ಡಾಕ್ಟರು ನಡುವಯಸ್ಸಿನ ಹೆಂಗಸು. ಎಲ್ಲ ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

"ಇಬ್ಬರದ್ದೂ ಎಲ್ಲಾ ನಾರ್ಮಲ್ ಇದೆ."

"ಹಾಗಾದ್ರೆ ಯಾಕೆ ಆಗ್ತಾ ಇಲ್ಲ ಮೇಡಂ?"

"ನಾವು ಇದಕ್ಕೆ ಅನ್‌ಎಕ್ಸ್‌ಪ್ಲೇನ್ಡ್ ಇನ್‌ಫರ್ಟಿಲಿಟಿ ಅಂತೀವಿ. ಕಾರಣ ಇಲ್ಲ ಅಂತಲ್ಲ. ಮೊಟ್ಟೆ ಹೇಗಿದೆ, ಅದು ಒಳಗೆ ಹೇಗೆ ಕೂಡುತ್ತೆ, ಕೂಡಿದ್ದು ಯಾಕೆ ನಿಲ್ಲಲ್ಲ, ಅದೆಲ್ಲ ಈ ಟೆಸ್ಟ್‌ಗಳಲ್ಲಿ ಕಾಣಲ್ಲ. ನಮ್ಮ ಟೆಸ್ಟ್‌ಗಳು ಇಲ್ಲಿಗೇ ಮುಗೀತಾವೆ."

ಹೊರಗೆ ಬಂದ ಮೇಲೆ ಗಿರೀಶ್, "ಇಬ್ರೂ ಎಲ್ಲಾ ಸಬ್ಜೆಕ್ಟಲ್ಲೂ ಪಾಸು ಮಾರಾಯ್ತಿ, ಸರ್ಟಿಫಿಕೇಟ್ ಮಾತ್ರ ಕೊಡೋದಿಲ್ವಂತೆ" ಎಂದರು. ಇಬ್ಬರೂ ನಕ್ಕೆವು.

ಲ್ಯಾಬಿನಲ್ಲಿ ನಾನು ಮಕ್ಕಳಿಗೆ ಒಂದು ಚಿಟಿಕೆ ಲವಣ ಕೊಟ್ಟು ಅದರಲ್ಲಿ ಏನಿದೆಯೆಂದು ಕಂಡುಹಿಡಿಯಲು ಹೇಳುತ್ತೇನೆ. ಒಂದೊಂದಾಗಿ ಪರೀಕ್ಷೆ ಮಾಡುತ್ತಾ, ಇಲ್ಲ, ಇಲ್ಲ ಎಂದು ಬರೆದುಕೊಳ್ಳುತ್ತಾ ಹೋಗುತ್ತಾರೆ. ಕೆಲವೊಮ್ಮೆ ಯಾರಾದರೂ ಕೊನೆಯ ಪರೀಕ್ಷೆಯನ್ನೂ ಮುಗಿಸಿ, "ಮ್ಯಾಡಂ, ಎಲ್ಲಾ ಇಲ್ಲ ಬರ್ತಿದೆ, ಇದ್ರಲ್ಲಿ ಎಂತದೂ ಇಲ್ಲ" ಎಂದು ಟೆಸ್ಟ್‌ಟ್ಯೂಬ್ ತಂದು ತೋರಿಸುವುದುಂಟು. "ಲವಣ ಕಣ್ಣೆದುರಿಗೇ ಇದೆಯಲ್ಲ, ಎಂತದೂ ಇಲ್ಲ ಅಂದ್ರೆ ಹೇಗೆ? ನಿನ್ನ ಪರೀಕ್ಷೆ ಮುಗಿದಿದೆ ಅಷ್ಟೇ" ಎನ್ನುತ್ತಿದ್ದೆ. ಎಷ್ಟು ವರ್ಷಗಳಿಂದ ಹೇಳುತ್ತಿದ್ದ ಮಾತು. ಡಾಕ್ಟರು ಹೇಳಿದ್ದೂ ಅದನ್ನೇ. ಬುದ್ಧಿಗೆ ಅರ್ಥವಾಯಿತು. ಆದರೆ ಲ್ಯಾಬಿನಲ್ಲಿ ಮತ್ತೊಂದು ಚಿಟಿಕೆ ಲವಣ ತೆಗೆದುಕೊಂಡು ಮೊದಲಿನಿಂದ ಶುರುಮಾಡಬಹುದು. ನನಗೆ ಇರುವುದು ಇದೊಂದೇ ಶರೀರ.

ಕಾರಣವೊಂದು ಸಿಕ್ಕಿದ್ದರೆ ಅದರ ಜೊತೆ ಜಗಳವಾಡಬಹುದಿತ್ತು. ಕಾರಣವಿಲ್ಲದ ಕಡೆ ಎಲ್ಲರೂ ತಮ್ಮ ತಮ್ಮ ಕಾರಣ ತಂದು ಇಡುತ್ತಾರೆ. ಬಸ್ಸಿನ ಓಡಾಟ. ಲ್ಯಾಬಿನ ಆಸಿಡ್ ಹೊಗೆ. "ಓದಿದ ಹೆಣ್ಮಕ್ಕಳಿಗೆ ಉಷ್ಣ ಜಾಸ್ತಿ." "ತಲೆಬಿಸಿ ಮಾಡ್ಕೊಳ್ಬೇಡ, ತನ್ನಿಂದ ತಾನೇ ಆಗ್ತದೆ." ಈ ಕೊನೆಯ ಮಾತಿಗೆ ನಾನು ಹೆಚ್ಚು ಹೆದರುತ್ತಿದ್ದೆ. ತಲೆಬಿಸಿ ಮಾಡಿಕೊಂಡಿದ್ದರಿಂದಲೇ ಆಗುತ್ತಿಲ್ಲ ಎಂದಾದರೆ ಆಗದ ತಿಂಗಳಿಗೆಲ್ಲ ನಾನೇ ಹೊಣೆ.

ನಮ್ಮ ಲಾಡ್ಜಿಗೆ ಬರುವವರಲ್ಲಿ ಬಹಳ ಮಂದಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಬಂದವರು. ಅಕ್ಕಿಯಲ್ಲಿ ಮೊದಲ ಅಕ್ಷರ ಬರೆದು ಬಂದ ಮಕ್ಕಳು ಹೊಸ ಸ್ಲೇಟು ಹಿಡಿದು ವರಾಂಡದ ತುಂಬ ಓಡುತ್ತವೆ. ತಾಯಂದಿರು ಬಿಸಿನೀರು ಕೇಳಲು ಹಿಂದಕ್ಕೆ ಬಂದು, ಎಂದೂ ನೋಡಿರದ ನನ್ನನ್ನು "ನಿಮಗೆಷ್ಟು ಮಕ್ಕಳು?" ಎಂದು ಕೇಳುತ್ತಾರೆ. ಊರವರಾದರೆ ತಪ್ಪಿಸಿಕೊಳ್ಳಬಹುದು. ಇವರು ವಾರವಾರವೂ ಹೊಸಬರು.

ಡಾಕ್ಟರು ಮೊದಲು ಮಾತ್ರೆ ಕೊಟ್ಟು ದಿನ ಗೊತ್ತುಮಾಡಿದರು. ಗೊತ್ತುಮಾಡಿದ ದಿನಗಳು ಗಂಡ ಹೆಂಡತಿಯ ನಡುವೆ ಏನು ಮಾಡುತ್ತವೆ ಎಂಬುದನ್ನು ನಾನು ಬರೆಯುವುದಿಲ್ಲ. ಆ ದಿನ ಬೆಳಿಗ್ಗೆಯಿಂದಲೇ ನಾವು ಒಬ್ಬರನ್ನೊಬ್ಬರು ನೋಡದೆ ಓಡಾಡುತ್ತಿದ್ದೆವು ಎಂದರೆ ಸಾಕು. ಅದು ಫಲಿಸದಾಗ ಐ.ಯು.ಐ. ಎಂದರು. ಗಂಡನ ವೀರ್ಯವನ್ನು ಶುದ್ಧ ಮಾಡಿ ಸಣ್ಣ ನಳಿಕೆಯಲ್ಲಿ ಗರ್ಭಕೋಶಕ್ಕೆ ಬಿಡುವುದು. ಅದಾದ ಮೇಲೆ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟರು. "ಇದನ್ನ ತಗೊಳ್ಳೋವರೆಗೆ ಪೀರಿಯಡ್ಸ್ ಮುಂದೆ ಹೋಗಬಹುದು. ಪ್ರೆಗ್ನೆನ್ಸಿ ಅಂತ ಅಂದ್ಕೋಬೇಡಿ. ಟೆಸ್ಟ್ ಮಾಡಿ ನೋಡ್ಬೇಕು" ಎಂದು ಎಚ್ಚರಿಸಿದರು.

ನನ್ನನ್ನು ಎಚ್ಚರಿಸಿದರು. ಅತ್ತೆಯನ್ನು ಎಚ್ಚರಿಸುವವರು ಯಾರಿದ್ದರು?

ಆ ತಿಂಗಳು ಚಾಪೆ ಬಿಡಿಸುವ ದಿನ ಬಂತು, ಹೋಯಿತು. ಮಾತ್ರೆ ನನ್ನ ಕಾಲೇಜು ಬ್ಯಾಗಿನಲ್ಲಿತ್ತು. ಮೊದಲು ಕಂಡ ಬದಲಾವಣೆಯೆಂದರೆ ಲಾಡ್ಜಿನ ಹೊದಿಕೆಗಳ ಬಕೆಟ್ಟನ್ನು ಅತ್ತೆ ನನ್ನ ಕೈಯಿಂದ ಕಿತ್ತುಕೊಂಡದ್ದು. "ಇಡು ಕೂಸೆ, ಕೋಣೆ ಗುಡಿಸುವವಳು ಎತ್ತುತ್ತಾಳೆ." ಮರುದಿನ ಬುಟ್ಟಿಯಲ್ಲಿದ್ದ ಪಪ್ಪಾಯಿ ಕಾಣಲಿಲ್ಲ. ಆಮೇಲೆ ಸಂಜೆ ಹಾಲಿಗೆ ಕೇಸರಿ ಬಿತ್ತು. ಒಂದು ಮಾತೂ ಆಡದೆ ನನ್ನ ಸುತ್ತ ಮೆತ್ತಗೆ ಓಡಾಡುತ್ತಿದ್ದರು. ಮಾವ ರೇಡಿಯೋ ಸಣ್ಣ ಮಾಡಿಟ್ಟರು.

ಹೇಳಬೇಕೆಂದರೆ ಆಸ್ಪತ್ರೆಯ ವಿಷಯವನ್ನೆಲ್ಲ ಹೇಳಬೇಕು. ಹೇಳದಿದ್ದರೆ ಆ ಹಾಲು ಕುಡಿಯಬೇಕು. ನಾನು ಹಾಲು ಕುಡಿದೆ. ನಿಜ ಹೇಳುತ್ತೇನೆ, ನನಗೂ ಆಸೆ ಹುಟ್ಟಿತ್ತು. ಡಾಕ್ಟರ ಮಾತಿಗಿಂತ ಅತ್ತೆಯ ಕೇಸರಿಹಾಲನ್ನು ನಂಬುವ ಮನಸ್ಸಾಗಿತ್ತು.

ಟೆಸ್ಟ್‌ನಲ್ಲಿ ಒಂದೇ ಗೆರೆ ಬಂತು.

ಕಾಲೇಜಿನ ಎದುರಿನ ಎಸ್.ಟಿ.ಡಿ. ಬೂತಿನಿಂದ ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ನಿಲ್ಲಿಸಿ, ಕೆಲವು ದಿನದಲ್ಲಿ ಮುಟ್ಟಾಗುತ್ತೀರಿ ಎಂದರು. ಆ ಕೆಲವು ದಿನಗಳನ್ನು ಹೇಗೆ ಕಳೆದೆನೋ. ಎಲ್ಲ ಮುಗಿದಿದೆಯೆಂದು ಗೊತ್ತಿದ್ದವಳು ನಾನು, ಎಲ್ಲ ಶುರುವಾಗಿದೆಯೆಂದು ತಿಳಿದಿದ್ದವರು ಅವರು. ಒಂದೇ ಅಡುಗೆಮನೆ.

ಅದು ಒಂದು ಭಾನುವಾರ. ಅತ್ತೆಯ ತಂಗಿ, ನಾವು ಚಿಕ್ಕತ್ತೆ ಎನ್ನುವವರು, ಮೇಗುಂದದಿಂದ ಬಂದಿಳಿದರು. ಕೈಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ. "ಅಕ್ಕ ಬಾಯಿಬಿಟ್ಟು ಹೇಳ್ಲಿಲ್ಲ. ಹುಳಿಯದ್ದು ಎಂತಾದ್ರೂ ಇದ್ರೆ ತಗೊಂಬಾ ಅಂದ್ಲು. ನಂಗೆ ಅಷ್ಟೂ ಗೊತ್ತಾಗದಾ?" ಎಂದು ನನ್ನ ಗಲ್ಲ ಹಿಡಿದು ನಕ್ಕರು. ಅವರು ಕೈ ತೆಗೆಯುವ ಮೊದಲೇ ನನಗೆ ಹೊಟ್ಟೆಯ ಕೆಳಗೆ ಆ ಪರಿಚಿತ ಹಿಡಿತ ಗೊತ್ತಾಯಿತು.

ಬಚ್ಚಲಿಗೆ ಹೋಗಿ ಬಂದೆ. ಹಿಂದಿನ ಜಗಲಿಯ ಕೋಣೆಗೆ ಹೋಗಿ ಚಾಪೆ ಬಿಡಿಸಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಎಂತಕ್ಕೆ ಕೂಸೆ ಚಾಪೆ?" ಎಂದವರು ಉತ್ತರಕ್ಕೆ ಕಾಯಲಿಲ್ಲ. ಅಲ್ಲೇ ಬಾಗಿಲಲ್ಲಿ ಕೂತುಬಿಟ್ಟರು.

ಚಿಕ್ಕತ್ತೆ ಬಂದು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ! ಇಳಿದೇ ಹೋಯ್ತಾ? ನಿಲ್ಲಲಿಲ್ವಾ?"

ಬಸಿರು ಇಳಿಯಿತು ಎಂದೇ ಅವರು ತಿಳಿದರು. ಬಸ್ಸಿನ ಕುಲುಕಾಟವೇ ಕಾರಣ ಎಂದು ಅಲ್ಲೇ ತೀರ್ಪಾಯಿತು. "ಹೋಗ್ಲಿ ಬಿಡು ಅಕ್ಕ. ಒಂದ್ಸಲ ನಿಂತಿತ್ತಲ್ಲ. ಮರ ಹೂ ಬಿಟ್ಟಿದೆ ಅಂತಾದ್ರೂ ಆಯ್ತಲ್ಲ, ಕಾಯಿ ಆಗೇ ಆಗ್ತದೆ" ಎಂದು ಅತ್ತೆಯ ಬೆನ್ನು ಸವರುತ್ತಿದ್ದರು. ನಾನು ಅವರ ಕೈಗೆಟುಕದ ಚಾಪೆಯ ಮೇಲೆ ಕೂತು ಕೇಳುತ್ತಿದ್ದೆ.

ಎಂದೂ ಇಲ್ಲದಿದ್ದ ಒಂದು ಬಸಿರಿಗೆ ಸಮಾಧಾನ ಹೇಳುತ್ತಿದ್ದರು. ಆಶ್ಚರ್ಯವೆಂದರೆ ಆ ಸಮಾಧಾನ ನನಗೆ ಬೇಕಾಗಿತ್ತು. ಯಾವ ತಿಂಗಳಲ್ಲೂ ಯಾರೂ ನನಗಾಗಿ ಅತ್ತಿರಲಿಲ್ಲ. ಮುಟ್ಟಾದವಳಿಗೆ ಯಾರು ಅಳುತ್ತಾರೆ?

ಮತ್ತೂ ಒಂದು ವಿಷಯವಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಎಕ್ಸ್‌ರೇ ಟೇಬಲ್ಲಿನ ಮೇಲೆ ನಾನು ಬೇಡಿಕೊಂಡಿದ್ದ ಕಾರಣವನ್ನು ಚಿಕ್ಕತ್ತೆ ಉಪ್ಪಿನಕಾಯಿಯ ಜೊತೆಗೇ ತಂದುಕೊಟ್ಟಿದ್ದರು. ಒಮ್ಮೆ ಬಸಿರಾದವಳು, ಬಸ್ಸಿನ ಕುಲುಕಾಟದಿಂದ ಕಳೆದುಕೊಂಡವಳು. ಊರಿಗೆ ಅರ್ಥವಾಗುವ ಕಥೆ. ಆಮೇಲೆ ಯಾರೂ ಬಂಜೆ ಎಂದು ಮನಸ್ಸಿನಲ್ಲೂ ಅಂದುಕೊಳ್ಳುತ್ತಿರಲಿಲ್ಲ.

ಚಿಕ್ಕತ್ತೆ ಸಂಜೆಯ ಬಸ್ಸಿಗೆ ಹೋದರು. ಅತ್ತೆ ನನಗೆ ತಟ್ಟೆಯಲ್ಲಿ ಊಟ ತಂದು, ಮುಟ್ಟದೆ ದೂರದಲ್ಲಿಟ್ಟು, ಎದುರಿಗೆ ಕೂತರು. ಅವರ ಕಣ್ಣು ಊದಿಕೊಂಡಿತ್ತು. "ಕಾಲೇಜಿಗೆ ಹೋಗೋದು ಬೇಡ ಅಂತ ನಾನೇ ಹೇಳ್ಬೇಕಿತ್ತು. ನನ್ನದೇ ತಪ್ಪು" ಎಂದರು.

ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ.

ಹೇಳಿದೆ. ಶಿವಮೊಗ್ಗ, ಟೆಸ್ಟ್‌ಗಳು, ಮಾತ್ರೆ. ಬಸಿರು ಇರಲೇ ಇಲ್ಲ ಎನ್ನುವುದು. ಇಬ್ಬರಲ್ಲೂ ಏನೂ ದೋಷವಿಲ್ಲ ಎನ್ನುವುದು.

"ದೋಷ ಇಲ್ಲ ಅಂದ್ಮೇಲೆ ಮತ್ತೆಂತಕ್ಕೆ ಆಗ್ಲಿಲ್ಲ?"

"ಗೊತ್ತಿಲ್ಲ ಅತ್ತೆ. ಡಾಕ್ಟರಿಗೂ ಗೊತ್ತಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ನನ್ನ ಹತ್ರ ಒಂದು ಮಾತು ಹೇಳ್ಬಾರ್ದಾಗಿತ್ತಾ? ನಾನೆಂತ ಹೊರಗಿನವಳಾ?" ಎಂದರು.

"ಹೇಳೋಕೆ ಎಂತ ಉಳಿದಿತ್ತು ಅತ್ತೆ? ತಿಂಗಳು ತಿಂಗಳೂ ಈ ಚಾಪೆಯೇ ನಿಮಗೆಲ್ಲ ಹೇಳ್ತಿತ್ತಲ್ಲ."

ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ನಾನು ಎಂದೂ ಮಾತಾಡಿರಲಿಲ್ಲ. ಅತ್ತೆ ಚಾಪೆಯ ಕಡೆ ನೋಡಿದರು. ನಾನು ತಿಂದು ಮುಗಿಸುವ ತನಕ ಕೂತಿದ್ದು, ಎದ್ದು ಒಳಗೆ ಹೋದರು.

ಮುಂದಿನ ತಿಂಗಳು ಆಸ್ಪತ್ರೆಗೆ ಹೋಗಲಿಲ್ಲ. ಡಾಕ್ಟರೇ ಸ್ವಲ್ಪ ಬಿಡುವು ಕೊಡಿ ಎಂದಿದ್ದರು. ಬರಬೇಕಾದ ದಿನಕ್ಕೆ ಸರಿಯಾಗಿ ಬಂತು. ಬೆಳಿಗ್ಗೆ ಹಿಂದಿನ ಜಗಲಿಗೆ ಹೋದೆ. ಕೋಣೆಯ ಮೂಲೆ ಖಾಲಿ. ಚಾಪೆ ಇಲ್ಲ, ಕಂಬಳಿ ಇಲ್ಲ.

"ಅತ್ತೆ, ಚಾಪೆ ಎಲ್ಲಿ?"

ಅತ್ತೆ ಹೂ ಕಟ್ಟುತ್ತಿದ್ದರು. ತಲೆಯೆತ್ತಲಿಲ್ಲ. "ಹಪ್ಪಳ ಒಣಗಿಸೋಕೆ ತಗೊಂಡೆ."

ಆ ಚಾಪೆಯ ಮೇಲೆ ಅತ್ತೆ ಹಪ್ಪಳ ಒಣಗಿಸುವುದೆಂದರೆ ಸೂರ್ಯ ಪಡುವಣದ ಕಿಗ್ಗದ ಕಡೆ ಮುಳುಗದೆ ಅಲ್ಲಿಂದಲೇ ಹುಟ್ಟಿದ ಹಾಗೆ. ಅವರಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ನಿಂತೇ ಇದ್ದೆ.

"ದೇವರ ಕೋಣೆಗೊಂದು ಹೋಗ್ಬೇಡ" ಎಂದರು ದಾರಕ್ಕೆ ಗಂಟು ಹಾಕುತ್ತಾ. "ಉಳಿದದ್ದು ನಂಗೆ ಗೊತ್ತಾಗೋದು ಬೇಡ. ಹೋಗು, ಮಾವನಿಗೆ ಕಾಫಿಗೆ ಹೊತ್ತಾಯ್ತು."

ಇದಾಗಿ ಬಹಳ ದಿನವಾಗಿಲ್ಲ. ಇನ್ನೂ ಎರಡು ಬಾರಿ ಐ.ಯು.ಐ. ಮಾಡಿ ನೋಡೋಣ ಎಂದಿದ್ದಾರೆ ಡಾಕ್ಟರು. ಮುಂದಿನ ಸಲ ಶಿವಮೊಗ್ಗಕ್ಕೆ ಶಿವಮೊಗ್ಗ ಎಂದೇ ಹೇಳಿ ಹೊರಡುತ್ತೇವೆ. ಫಲಿಸುತ್ತದೋ ಇಲ್ಲವೋ ಗೊತ್ತಿಲ್ಲ. ವರಾಂಡದಲ್ಲಿ ಸ್ಲೇಟು ಹಿಡಿದ ಮಕ್ಕಳು ಓಡುತ್ತಲೇ ಇವೆ, ಅವರ ತಾಯಂದಿರು ಕೇಳುತ್ತಲೇ ಇದ್ದಾರೆ. ಚಿಕ್ಕತ್ತೆಗೆ ಅತ್ತೆ ಏನು ಹೇಳಿದರೋ ನಾನು ಕೇಳಿಲ್ಲ. ನನ್ನ ಫೈಲಿನ ಮೇಲೆ ಅದೇ ಪದವಿದೆ, ಅನ್‌ಎಕ್ಸ್‌ಪ್ಲೇನ್ಡ್.

ಆ ಬೆಳಿಗ್ಗೆ ಹೊಸ್ತಿಲ ಮುಂದೆ ಒಂದು ಕ್ಷಣ ನಿಂತು ಒಳಗೆ ಹೋದೆ. ಹಾಲು ಕಾಯಿಸಿ ಕಾಫಿ ಮಾಡಿ ಮಾವನ ಮುಂದಿಟ್ಟೆ. ಅವರು ಒಂದು ಗುಟುಕು ಕುಡಿದರು. ತಲೆಯೆತ್ತಲಿಲ್ಲ. ಪೇಪರಿನ ಹಾಳೆ ತಿರುಗಿಸಿದರು.