ಪಾಚಿ ಕೆರೆಗೊಂದು ಗಟ್ಟಿ ರಾಡ್

ಗಾಳದ ಅಂಗಡಿಗೆ ಭಾವನನ್ನು ಕರೆದುಕೊಂಡು ಹೋದದ್ದು ನನ್ನದೇ ತಪ್ಪು. ಹೆಂಡತಿಯ ಅಣ್ಣ ಅವರು. ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಮೀನು ಮುಟ್ಟಿದವರಲ್ಲ. ಅಮೆರಿಕದವರು ಬಾಸ್ ಎಂಬ ಮೀನು ಹಿಡಿಯುವುದನ್ನು ಮೊಬೈಲಿನಲ್ಲಿ ನೋಡಿ ನೋಡಿ ಪಂಡಿತರಾಗಿದ್ದರು.

ನಾನಿರುವುದು ಗಲ್ಫಿನಲ್ಲಾದರೂ ಗಾಳದ ರಾಡ್ ಬೇಕಿದ್ದದ್ದು ಊರಿನ ಕೆರೆಗೆ. ಹೋದ ರಜೆಯಲ್ಲಿ ದೊಡ್ಡ ಕೊರವ ಮೀನೊಂದು ನನ್ನ ಗಾಳ ಕಚ್ಚಿ ಪಾಚಿಯೊಳಗೆ ನುಗ್ಗಿತ್ತು. ತೆಳು ಕೋಲು ಬಾಗಿತು, ದಾರ ತುಂಡಾಯಿತು. ಕೋಲು ಸರಿಯಿಲ್ಲ ಎಂದೆ. "ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ನನ್ನ ಅಣ್ಣ ನೆರೆಕರೆಯವರ ಎದುರು ನಕ್ಕುಬಿಟ್ಟ. ಹನ್ನೊಂದು ತಿಂಗಳು ಆ ನಗು ನನ್ನ ಕಿವಿಯಲ್ಲಿತ್ತು. ಈ ಸಲ ಅವನ ಕಣ್ಣೆದುರೇ ಆ ಮೀನನ್ನು ಎಳೆದು ದಡಕ್ಕೆ ಹಾಕಬೇಕಿತ್ತು.

"ಇದು ತಗೊಳ್ಳಿ ಮಾರಾಯ್ರೆ, ನಾಲ್ಕು ತುಂಡಾಗ್ತದೆ. ಕಾರ್ಟನ್‌ಗೆ ಹಿಡಿಸ್ತದೆ," ಎಂದರು ಭಾವ.

ನಮ್ಮ ಗಲ್ಫಿನವರ ಬುದ್ಧಿಯೇ ಇಷ್ಟು. ಕಂಬಳಿಯಾಗಲಿ, ಮಿಕ್ಸಿಯಾಗಲಿ, ಊರಿಗೆ ಒಯ್ಯುವ ಕಾರ್ಟನ್‌ಗೆ ಹಿಡಿಸಿದರೆ ಒಳ್ಳೆಯದು, ಹಿಡಿಸದಿದ್ದರೆ ದಂಡ. ಅವರು ಕೊಟ್ಟದ್ದರ ತುದಿ ಒತ್ತಿದೆ. ತೊಂಡೆ ಬಳ್ಳಿಯ ಹಾಗೆ ಬಾಗಿತು.

ನಾನು ಆರಿಸಿದ್ದು ಏಳೂವರೆ ಅಡಿಯ ಒಂದೇ ತುಂಡು. ದಟ್ಟ ಜೊಂಡಿನಿಂದ ಬಾಸ್ ಎಳೆಯಲೆಂದೇ ಮಾಡಿದ್ದು. ತುದಿ ಮಾತ್ರ ಸ್ವಲ್ಪ ಬಾಗುತ್ತದೆ, ಕೆಳಗೆಲ್ಲ ಗಟ್ಟಿ.

"ಇದರಲ್ಲಿ ಮೀನು ಹಿಡಿಯುವುದಾ, ತೆಂಗಿನಕಾಯಿ ಕೊಯ್ಯುವುದಾ?"

"ಮೀನು ಪಾಚಿಗೆ ಸುತ್ತಿಕೊಳ್ಳುವ ಮೊದಲೇ ಎಳೀಬೇಕು ಭಾವ. ನಿಮ್ಮ ಕೋಲು ಬಾಗಿ ಮುಗಿಯುವಷ್ಟರಲ್ಲಿ ಖಲಾಸ್."

ಕಾರಿನಲ್ಲಿ ರಾಡಿನ ತುದಿ ಅವರ ಕಿವಿಯ ಪಕ್ಕದಲ್ಲೇ ಇತ್ತು. ಮಿರ್ದಿಫ್‌ನ ನಮ್ಮ ಮನೆ ತಲುಪುವವರೆಗೆ ಭಾವ ತುಟಿ ಬಿಚ್ಚಲಿಲ್ಲ. ಮೀನು ಸಿಗುವ ಮೊದಲೇ ರಾಡ್ ಒಂದು ಉಪಕಾರ ಮಾಡಿತ್ತು.

ಮನೆಯಲ್ಲಿ ಅದರ ದಾರವನ್ನು ತುಂಬಿದ ನೀರಿನ ಕ್ಯಾನಿಗೆ ಕಟ್ಟಿ ಎಳೆದೆ. ಹಾಲ್‌ನ ಆ ತುದಿಯಿಂದ ಈ ತುದಿಯವರೆಗೆ ಕ್ಯಾನ್ ಜಾರಿಕೊಂಡು ಬಂತು. ಆ ಖುಷಿಯಲ್ಲೇ ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ರಾಡ್ ಎತ್ತಿ ತೋರಿಸಿ ಅವನ ಮುಖ ಹೇಗಾಗುತ್ತದೆಂದು ನೋಡುವ ಚಪಲ.

ಅವನು ಕೆರೆಯ ದಂಡೆಯಲ್ಲೇ ಇದ್ದ, ಒದ್ದೆ ಲುಂಗಿಯಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಫೋನನ್ನು ನೀರಿನ ಕಡೆ ತಿರುಗಿಸಿದ. ಒಂದೆಳೆ ಪಾಚಿಯಿಲ್ಲ.

"ಹೋದ ಸಲ ನೀನು ಮುಖ ಸಣ್ಣ ಮಾಡಿಕೊಂಡು ಹೋದಿಯಲ್ಲ. ನಾನು ಹಾಗೆ ನಗಬಾರದಿತ್ತು. ಹದಿನೈದು ದಿನ ನಾನೇ ಇಳಿದು ಎಲ್ಲ ತೆಗೆದೆ ಮಾರಾಯ. ಇನ್ನು ನಿನ್ನ ದಾರ ಎಲ್ಲಿಯೂ ಸಿಕ್ಕಿಕೊಳ್ಳುದಿಲ್ಲ."

ಅವನ ಮೊಣಕೈವರೆಗೆ ಗೀರುಗಳಿದ್ದವು. ನನಗೆ ನಾಚಿಕೆಯಾಯಿತು. ಎತ್ತಿದ್ದ ರಾಡನ್ನು ಮೆಲ್ಲ ಕೆಳಗಿಳಿಸಿದೆ.

"ಕೈಯಲ್ಲಿ ಎಂಥದು ಅದು?" ಎಂದು ಕೇಳಿದ.

"ಎಂಥದ್ದೂ ಇಲ್ಲ ಅಣ್ಣ," ಎಂದೆ. "ಕಿಟಕಿಗೆ ಪರದೆ ಹಾಕುವ ಕೋಲು."