ಬೀದಿಯಡಿಯ ನೀರಿಗೆ ಕಿವಿಗೊಡುವ ಫೆನ್ನಾ

ಬೆಳಗಿನ ಐದೂವರೆ. ಹಾರ್ಲೆಮ್‌ನ ಬಿಳಿಬಟ್ಟೆ ಓಣಿಯಲ್ಲಿ ಒಬ್ಬ ಹೆಂಗಸು ಇಟ್ಟಿಗೆ ಹಾಸಿನ ಮೇಲೆ ಮಂಡಿಯೂರಿದ್ದಾರೆ. ಕಿವಿ ನೆಲದಿಂದ ಒಂದು ಗೇಣು ದೂರದಲ್ಲಿದೆ. ಕೈಯಲ್ಲಿ ಅಳತೆಯ ಟೇಪು, ಟೇಪಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಗಂಟೆ. ಗಂಟೆಗೆ ನಾಲಗೆ ಇಲ್ಲ. ಬೀದಿಯಲ್ಲಿ ಹೂತಿರುವ ಕೊಳವೆಯೊಂದಕ್ಕೆ ಅದು ಮೆಲ್ಲಗೆ ಇಳಿಯುತ್ತಿದೆ. ಹಾಲಿನವನ ಗಾಡಿ ಬಂದರೆ ಇವರು ಕೈಯೆತ್ತಿ ನಿಲ್ಲಿಸುತ್ತಾರೆ, ಅವನು ನಿಲ್ಲುತ್ತಾನೆ. ಕೊಳವೆಯ ಒಳಗಿಂದ ಸದ್ದು ಬರುತ್ತದೆ: ಗುಳುಕ್.

ಗಂಟೆಯ ಬಾಯಿ ನೀರಿಗೆ ತಾಗಿದ ಸದ್ದು ಅದು. ಟೇಪನ್ನು ಬೆರಳಲ್ಲಿ ಹಿಡಿದು, ಎತ್ತಿ, ಮತ್ತೆ ಇಳಿಸುತ್ತಾರೆ. ಗುಳುಕ್. ಮತ್ತೊಮ್ಮೆ. ಮೂರು ಸಲವೂ ಒಂದೇ ಅಂಕಿ ಬಂದರೆ ಮಾತ್ರ ಪುಸ್ತಕಕ್ಕೆ ಬರೆಯುವುದು. ಬರೆದ ಮೇಲೆ ಹಾಲಿನವನಿಗೆ ಕೈಬೀಸಿ, ಹೋಗಪ್ಪ ಅನ್ನುತ್ತಾರೆ.

ಇವರು ಫೆನ್ನಾ ಪೊಸ್ಟ್‌ಮಾ. ವಯಸ್ಸು ಅರವತ್ತೆರಡು. ಇಪ್ಪತ್ತೇಳು ವರ್ಷಗಳಿಂದ ಈ ಊರಿನ ನೆಲದೊಳಗಿನ ನೀರು ಎಷ್ಟು ಆಳದಲ್ಲಿದೆ ಎಂದು ಸೈಕಲ್ ಮೇಲೆ ತಿರುಗಿ ಕೇಳಿಸಿಕೊಂಡು ಬರುವುದೇ ಇವರ ಕೆಲಸ. ಒಟ್ಟು ಅರವತ್ತಮೂರು ಕೊಳವೆಗಳು. ದಿನಕ್ಕೆ ಆರೋ ಏಳೋ ಕೊಳವೆ, ಹನ್ನೊಂದು ಕಿಲೋಮೀಟರು. ಏಳು ಗಂಟೆಯೊಳಗೆ ಮುಗಿಯಬೇಕು, ಆಮೇಲೆ ಊರು ಎದ್ದು ಗದ್ದಲ ಶುರುಮಾಡಿದರೆ ಸದ್ದು ಸಿಗುವುದಿಲ್ಲ. "ಚಳೀಲಿ ಕೈಗವಸು ಹಾಕ್ಕೊಂಡ್ರೆ ಟೇಪು ನಡುಗೋದು ಗೊತ್ತಾಗಲ್ಲ. ಅದಕ್ಕೇ ಬರಿಗೈ," ಅಂತಾರೆ. ಆ ಕೈಗಳನ್ನು ನೋಡಿದರೆ ನಂಬಲೇಬೇಕು.

ಇದೇನು ಮಹಾ ಕೆಲಸ ಅನ್ನುವವರಿಗೆ ಒಂದು ಮಾತು. ನಮ್ಮೂರಿನ ಹಳೇ ಮನೆಗಳು ನಿಂತಿರುವುದು ಮಣ್ಣಿನ ಮೇಲಲ್ಲ, ಮರದ ಕಂಬಗಳ ಮೇಲೆ. ಮುನ್ನೂರು ವರ್ಷದ ಹಿಂದೆ ಕೆಸರಿಗೆ ಬಡಿದು ಇಳಿಸಿದ ಕಂಬಗಳವು. ನೀರಲ್ಲಿ ಮುಳುಗಿರುವ ತನಕ ಅವಕ್ಕೆ ಸಾವಿಲ್ಲ. ಕಂಬದ ತಲೆಗೆ ಗಾಳಿ ತಾಗಿತೋ, ಬೇಸಿಗೆಯಲ್ಲಿ ಬೂಜು ಹಿಡಿಯುತ್ತದೆ, ಕೊಳೆಯುತ್ತದೆ, ಮನೆ ವಾಲುತ್ತದೆ. ಅಷ್ಟೇ ವಿದ್ಯೆ. ಇದಕ್ಕೆ ಡಿಗ್ರಿ ಬೇಡ. ಆದರೆ ಡಿಗ್ರಿ ಇದ್ದವರಿಗೇ ಇದು ಮರೆತುಹೋಗುತ್ತದೆ.

ಬಿಳಿಬಟ್ಟೆ ಓಣಿಯಲ್ಲಿ ಅಂಥ ಮನೆಗಳು ಇಪ್ಪತ್ತೆರಡು. ಹಿಂದೆ ನಾರುಬಟ್ಟೆ ಒಗೆದು ಬಿಸಿಲಿಗೆ ಹಾಕಿ ಬಿಳಿ ಮಾಡುತ್ತಿದ್ದವರ ಮನೆಗಳು. ಓಣಿಯ ತುದಿಯಲ್ಲಿ ಒಂದು ಬಿಸ್ಕತ್ತು ಕಾರ್ಖಾನೆ ಇತ್ತು. ಫೆನ್ನಾ ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಅಲ್ಲಿ ಡಬ್ಬ ತುಂಬುವ ಕೆಲಸಕ್ಕೆ ಸೇರಿದ್ದರು, ಅದು ಮುಚ್ಚುವವರೆಗೂ ಇದ್ದರು. ಈಗ ಅಲ್ಲಿ ತೊಂಬತ್ತಾರು ಫ್ಲ್ಯಾಟುಗಳು ಏಳುತ್ತಿವೆ. ಕಾರ್ಖಾನೆಯ ಮುಂದಿನ ಗೋಡೆಯೊಂದನ್ನು ಮಾತ್ರ ಕಬ್ಬಿಣದ ಊರೆಗೋಲು ಕೊಟ್ಟು ನಿಲ್ಲಿಸಿಕೊಂಡಿದ್ದಾರೆ. ಪರಂಪರೆಯಂತೆ. ಗೋಡೆಯ ಹಿಂದೆ ಏನಿದೆ ಅಂತ ಇಣುಕಿದರೆ ಎರಡು ಅಂತಸ್ತು ಆಳದ ಹೊಂಡ, ಕಾರು ನಿಲ್ಲಿಸುವುದಕ್ಕೆ. ಗೋಡೆಗೆ ಹಿತ್ತಾಳೆಯ ಫಲಕ ಮೆತ್ತಿ ಫೋಟೋ ತೆಗೆಸಿಕೊಂಡವರು, ಹೊಂಡ ಒಣಗಿಸಲು ಪಂಪು ಹಾಕಿದರೆ ಅಕ್ಕಪಕ್ಕದ ಇಪ್ಪತ್ತೆರಡು ಮನೆಗಳ ಕಾಲು ಒಣಗುತ್ತದೆ ಅನ್ನುವುದನ್ನು ಯಾವ ಫಲಕದಲ್ಲೂ ಬರೆಸಲಿಲ್ಲ.

ಫೆನ್ನಾರಿಗೆ ಮಾತ್ರ ಈ ಸಿಟ್ಟಿಲ್ಲ. ಅವರ ಮಗಳು ಮರಿತ್ ಹನ್ನೊಂದು ವರ್ಷದಿಂದ ಬಾಡಿಗೆ ಮನೆಯ ಸರದಿ ಪಟ್ಟಿಯಲ್ಲಿದ್ದಾಳೆ. ನಾಲ್ಕು ವರ್ಷದ ಕೂಸಿನೊಂದಿಗೆ ಅಮ್ಮನ ಅಟ್ಟದ ಕೋಣೆಯಲ್ಲೇ ವಾಸ. ಆ ತೊಂಬತ್ತಾರರಲ್ಲಿ ನಲವತ್ತು ಫ್ಲ್ಯಾಟು ಕಡಿಮೆ ಬಾಡಿಗೆಯವು, ಅದರಲ್ಲೊಂದು ಮರಿತ್‌ಗೆ ಸಿಕ್ಕಿದೆ. "ಹೊಸ ಮನೆ ಬೇಡ ಅಂತ ನಾನ್ಯಾವಾಗ ಅಂದೆ? ಕಟ್ಟಲಿ. ಆದ್ರೆ ನೀರು ಅದರ ಜಾಗದಲ್ಲಿರಲಿ," ಅಂತಾರೆ. ಕಟ್ಟಡಕ್ಕೆ ಕೊಟ್ಟ ಪರವಾನಗಿಯೂ ಹೇಳುವುದು ಅದನ್ನೇ. ಓಣಿಗಿರುವ ಒಂದೇ ಕೊಳವೆಯಲ್ಲಿ, ಹದಿನಾಲ್ಕನೇ ಮನೆಯ ಮುಂದೆ, ನೀರು ಕೊಳವೆಯ ಬಾಯಿಂದ ನೂರೆಂಟು ಸೆಂಟಿಮೀಟರಿಗಿಂತ ಕೆಳಗಿಳಿದರೆ ಪಂಪು ನಿಲ್ಲಬೇಕು, ಕಂಬಗಳ ತಲೆ ಇರುವುದು ಅದೇ ಮಟ್ಟದಲ್ಲಿ.

ಪಂಪು ಶುರುವಾದದ್ದು ಡಿಸೆಂಬರಿನಲ್ಲಿ. ಜನವರಿಯಲ್ಲಿ, ಊರಿನ ಪರವಾಗಿ ಅಳತೆ ನೋಡಿಕೊಳ್ಳುವ ಕಂಪನಿಯವರು ಬಂದು ಕೊಳವೆಯೊಳಗೆ ಒಂದು ಯಂತ್ರ ಇಳಿಬಿಟ್ಟರು. ಹದಿನೈದು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಕಂಪ್ಯೂಟರಿಗೆ ಅಂಕಿ ಕಳಿಸುತ್ತದೆ. ಫೆನ್ನಾರಿಗೆ ಕಾಗದ ಬಂತು: ಜೂನ್ ಮೂವತ್ತರವರೆಗೆ ಮಾತ್ರ ಕೆಲಸ, ಆಮೇಲೆ ಗಂಟೆ ಮತ್ತು ಟೇಪು ಒಪ್ಪಿಸಬೇಕು. ಫೆಬ್ರವರಿಯಲ್ಲಿ ಯಂತ್ರದ ಅಂಕಿ ತೊಂಬತ್ತಮೂರು. ಫೆನ್ನಾರ ಅಂಕಿಯೂ ತೊಂಬತ್ತಮೂರು. ಪರದೆ ಹಸಿರು. ಎಲ್ಲರೂ ಸುಖಿ.

ಎಲ್ಲರಿಗಿಂತ ಹೆಚ್ಚು ಸುಖಿ ಹದಿನಾಲ್ಕನೇ ಮನೆಯ ಅದ್ರಿಯಾನ್ ಅಜ್ಜ. ಎಂಬತ್ತನಾಲ್ಕು ವರ್ಷ, ಆಸರೆಗೆ ಚಕ್ರದ ನೂಕುಗಾಡಿ ಹಿಡಿದು ನಡೆಯುವವರು. ಈ ಓಣಿಯ ಮನೆಗಳಿಗೆಲ್ಲ ವರ್ಷವಿಡೀ, ಚಳಿಗಾಲದಲ್ಲಿ ಇನ್ನಷ್ಟು, ಹಲಗೆ ನೆಲದಡಿಯಿಂದ ಒಂದು ನಾತ ಬರುತ್ತದೆ, ಹಳೇ ಬಾವಿಯ ನಾತ. ಅದನ್ನು ಬೈಯದೆ ಇಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಫೆಬ್ರವರಿ ಕೊನೆಯ ಒಂದು ಮುಂಜಾನೆ ಅಜ್ಜ ಬಾಗಿಲು ತೆರೆದು, ಕೊಳವೆಯ ಮುಂದೆ ಕೂತಿದ್ದ ಫೆನ್ನಾರನ್ನು ಒಳಗೆ ಕರೆದು, ಕಾಫಿ ಕೊಟ್ಟು, ಬಿಸ್ಕತ್ತು ಒಂದರ ಬದಲು ಎರಡು ಇಟ್ಟರು. ಇಲ್ಲಿ ಎರಡು ಬಿಸ್ಕತ್ತು ಕೊಟ್ಟರೆ ಏನೋ ಹಬ್ಬವೇ ಇರಬೇಕು.

"ನಲವತ್ತು ವರ್ಷದಲ್ಲಿ ಮೊದಲ ಸಲ ಕಣಮ್ಮ, ಮನೆ ನಾರ್ತಿಲ್ಲ," ಎಂದರು ಅಜ್ಜ. "ಗೋಡೆಗೆ ಅಂಟಿಸಿದ ಕಾಗದ ಕೂಡ ಎದ್ದಿಲ್ಲ ನೋಡು. ಆ ಹೊಂಡದವರಿಗೆ ಒಂದು ಕೇಕು ಕಳಿಸೋಣ ಅಂತಿದೀನಿ."

ಫೆನ್ನಾ ಬಾಯಿಗಿಟ್ಟ ಕಾಫಿ ಕೆಳಗಿಟ್ಟರು. "ಅಜ್ಜ ನಗ್ತಿದ್ರು. ನಾತ ಇಲ್ಲ ಅಂದ್ರೆ ನೀರೆಲ್ಲಿ ಅಂತ ನಾನು," ಎಂದು ಈಗ ನೆನೆಸಿಕೊಳ್ಳುತ್ತಾರೆ. ಹಜಾರದ ಚಾಪೆ ಸರಿಸಿ, ನೆಲದ ಮುಚ್ಚಳ ಎತ್ತಿ, ಟಾರ್ಚು ಹಿಡಿದು ಬಗ್ಗಿದರು. ಯಾವ ಚಳಿಗಾಲದಲ್ಲೂ ಕನ್ನಡಿಯಂತೆ ನೀರು ಹೊಳೆಯುವ ಜಾಗ. ಅಲ್ಲಿ ಮರಳು ಇತ್ತು, ಒಣ ಮರಳು. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿಯಿತು.

ಯಂತ್ರ ಸುಳ್ಳು ಹೇಳಬಹುದು. ಆದರೆ ಗುಳುಕ್ ಕೂಡ ತೊಂಬತ್ತಮೂರು ಅಂದಿತ್ತಲ್ಲ? ಫೆನ್ನಾರಿಗೆ ಈ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಒಂದು ಮಾತು ಹೇಳಿದ್ದನಂತೆ: ಬೀದಿಯನ್ನು ನಂಬಬೇಡ, ಬೀದಿ ಕುಸಿಯುತ್ತದೆ. ಕೊಳವೆಯನ್ನೂ ನಂಬಬೇಡ. ಕಂಬದ ಮೇಲೆ ಕೂತ ಮನೆಯ ಹೊಸ್ತಿಲು ಅಲುಗುವುದಿಲ್ಲ, ಅದನ್ನು ನಂಬು. ಹಾಗಾಗಿ ಅವರ ಮೊದಲ ಪುಸ್ತಕದ ಮೊದಲ ಹಾಳೆಯಲ್ಲಿ, ಹದಿನಾಲ್ಕನೇ ಮನೆಯ ಕಲ್ಲಿನ ಹೊಸ್ತಿಲಿಗಿಂತ ಕೊಳವೆಯ ಬಾಯಿ ಎಷ್ಟು ಕೆಳಗಿದೆ ಎಂದು ಬರೆದಿಟ್ಟಿದ್ದರು. ಮೂವತ್ತೊಂದು ಸೆಂಟಿಮೀಟರು. ಆ ಬೆಳಿಗ್ಗೆ ಅಜ್ಜನ ಮನೆಯ ಇಸ್ತ್ರಿ ಹಲಗೆಯನ್ನು ಹೊಸ್ತಿಲಿಂದ ಹೊರಚಾಚಿ, ರಸಮಟ್ಟ ಇಟ್ಟು ಸಮ ಮಾಡಿ, ಅಲ್ಲಿಂದ ಕೊಳವೆಯ ಬಾಯಿಗೆ ಟೇಪು ಹಿಡಿದು ನೋಡಿದರು. ಐವತ್ತಮೂರು.

ಕೊಳವೆ ಇಪ್ಪತ್ತೆರಡು ಸೆಂಟಿಮೀಟರು ಗಿಡ್ಡವಾಗಿತ್ತು. ಆಗ ಅವರಿಗೆ ಟೂನ್ ನೆನಪಾದ.

ಟೂನ್ ಬೀದಿಗೆ ಇಟ್ಟಿಗೆ ಹಾಸುವವನು. ನಮ್ಮೂರಲ್ಲಿ ಬೀದಿ ಕುಸಿಯುತ್ತದೆ, ಆಳಕ್ಕೆ ಊರಿದ ಕೊಳವೆ ಕುಸಿಯುವುದಿಲ್ಲ. ವರ್ಷಗಳು ಕಳೆದಂತೆ ಅದು ಬೀದಿಯಿಂದ ಮೇಲೆ ತಲೆ ಚಾಚುತ್ತದೆ. ಕಳೆದ ಅಕ್ಟೋಬರಿನಲ್ಲಿ ಅದ್ರಿಯಾನ್ ಅಜ್ಜ ಅದನ್ನು ಎಡವಿ, ನೂಕುಗಾಡಿ ಸಮೇತ ಬಿದ್ದು, ಹುಬ್ಬು ಒಡೆದುಕೊಂಡಿದ್ದರು. ಅವತ್ತು ಓಣಿಯಲ್ಲಿ ಇಟ್ಟಿಗೆ ಹಾಸುತ್ತಿದ್ದ ಟೂನ್‌ಗೆ, ಇದನ್ನು ಬೀದಿಯ ಮಟ್ಟಕ್ಕೆ ಗರಗಸ ಹಾಕಿ ಕೊಯ್ದುಬಿಡು ಎಂದು ಹೇಳಿದ್ದು ಬೇರೆ ಯಾರೂ ಅಲ್ಲ, ಫೆನ್ನಾ. ಅವನು ಕೊಯ್ದ. ಎಷ್ಟು ಕೊಯ್ದ ಎಂದು ಕಂಪನಿಗೆ ತಿಳಿಸಬೇಕಿತ್ತು. ಮರುದಿನವೇ ಎದೆ ಕಟ್ಟಿ, ಜ್ವರ ಬಂದು, ಎರಡು ವಾರ ಹಾಸಿಗೆ ಹಿಡಿದ ಫೆನ್ನಾ ಅದನ್ನು ಮರೆತೇಬಿಟ್ಟರು. ಎದ್ದು ಬಂದು ಅಳೆದಾಗ ಅಂಕಿ ಕಡಿಮೆ ಬಂತು. ನವೆಂಬರ್ ಮಳೆ, ನೀರು ಏರಿದೆ ಅಂದುಕೊಂಡರು. ಆಮೇಲೆ ಬಂದ ಯಂತ್ರಕ್ಕೂ ಹಳೇ ಎತ್ತರವನ್ನೇ ತುಂಬಿದರು. ಕೊಯ್ದ ಇಪ್ಪತ್ತೆರಡನ್ನು ಸೇರಿಸಿದರೆ, ತೊಂಬತ್ತಮೂರು ಅಂದರೆ ನಿಜವಾಗಿ ನೂರ ಹದಿನೈದು. ಇಪ್ಪತ್ತೆರಡು ಮನೆಗಳ ಕಂಬಗಳ ತಲೆ ಏಳು ಸೆಂಟಿಮೀಟರು ಗಾಳಿಯಲ್ಲಿತ್ತು. ಮುಂದೆ ಬೇಸಿಗೆ.

ಅವತ್ತು ಅವರು ಮನೆಗೆ ಹೋಗಿ ಮಗಳ ಮುಂದೆ ಕೂತರಂತೆ. ಬಾಯಿ ಬಿಟ್ಟರೆ ಪಂಪು ನಿಲ್ಲುತ್ತದೆ, ಹೊಂಡಕ್ಕೆ ನೀರು ನುಗ್ಗುತ್ತದೆ, ಕ್ರಿಸ್ಮಸ್‌ಗೆ ಸಿಗಬೇಕಿದ್ದ ಮರಿತ್‌ಳ ಫ್ಲ್ಯಾಟು ಯಾವಾಗ ಸಿಗುವುದೋ ದೇವರೇ ಬಲ್ಲ. ತಪ್ಪು ತಮ್ಮದು ಅಂತಲೂ ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮನೆಗಳು ವಾಲುವುದು ಹತ್ತು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಹಿತ್ತಾಳೆ ಫಲಕದವರು ಬೇರೆ ಊರಿನ ಗೋಡೆಗೆ ಫಲಕ ಮೆತ್ತುತ್ತಿರುತ್ತಾರೆ.

ಮರಿತ್, "ನಿನ್ನ ಗೊರಕೆ ಇನ್ನೊಂದು ವರ್ಷ ಕೇಳಬೇಕು ಅನ್ನು," ಎಂದಳಂತೆ. ಅದನ್ನು ಹೇಳುವಾಗ ಫೆನ್ನಾ ಕನ್ನಡಕ ತೆಗೆದು ಒರೆಸುತ್ತಾರೆ.

ಫೆನ್ನಾ ಹೋಗಿ ಹೇಳಿದರೆ ಹೊಂಡದ ಮೇಸ್ತ್ರಿ ಪರದೆ ತೋರಿಸಿ, ಹಸಿರಿದೆಯಲ್ಲಮ್ಮ, ಇನ್ನೇನು ಅಂದ. ಆ ಮಂಗಳವಾರ ಸಂಜೆ ಓಣಿಯವರು, ಕಟ್ಟಡದವರು, ಅಳತೆ ಕಂಪನಿಯವರು ಸೇರುವ ಸಭೆ ಇತ್ತು. ಫೆನ್ನಾ ಅದಕ್ಕೆ ಮುಂಚೆ ಟೂನ್‌ನ ಮನೆಗೆ ಹೋದರು. ಕೊಯ್ದ ತುಂಡನ್ನು ಅವನು ಎಸೆದಿರಲಿಲ್ಲ. ನಮ್ಮವರು ಯಾವುದನ್ನೂ ಎಸೆಯುವುದಿಲ್ಲ. ಅಡುಗೆಮನೆ ಕಿಟಕಿಯಲ್ಲಿ ಅದರೊಳಗೆ ಮಣ್ಣು ತುಂಬಿ ಈರುಳ್ಳಿ ಸೊಪ್ಪು ಬೆಳೆಸಿದ್ದ. ಸೊಪ್ಪು ಸಮೇತ ಅದನ್ನು ಕೋಟಿನ ಜೇಬಲ್ಲಿಟ್ಟುಕೊಂಡು ಇಬ್ಬರೂ ಸಭೆಗೆ ಬಂದರು.

ಅಳತೆ ಕಂಪನಿಯವರು ದೊಡ್ಡ ಕಾಗದವೊಂದನ್ನು ಹರಡಿ ಹಸಿರು ಗೆರೆಗಳನ್ನು ತೋರಿಸುತ್ತಿದ್ದಾಗ ಫೆನ್ನಾ ಎದ್ದು, ಆ ತುಂಡನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕಕ್ಕೆ ಟೇಪು ಹಿಡಿದರು.

"ಇಪ್ಪತ್ತೆರಡು ಸೆಂಟಿಮೀಟರು," ಎಂದರು. "ಕೊಯ್ಯಿ ಅಂದವಳು ನಾನು. ಬರೆಯೋದು ಮರೆತವಳೂ ನಾನು. ನಿಮ್ಮ ಯಂತ್ರದ ತಪ್ಪಿಲ್ಲ, ಟೂನ್‌ದೂ ತಪ್ಪಿಲ್ಲ. ಪಂಪು ನಿಲ್ಲಿಸಿ."

ಯಾರೋ, ಇದನ್ನು ಕಚೇರಿಯಲ್ಲಿ ಪರಿಶೀಲಿಸೋಣ ಅಂದರು. ಅದ್ರಿಯಾನ್ ಅಜ್ಜ ನೂಕುಗಾಡಿಯ ಬುಟ್ಟಿಯಿಂದ ಒಂದು ಪೊಟ್ಟಣ ತೆಗೆದು, ಮನೆಯಡಿಯ ಒಣ ಮರಳನ್ನು ಆ ಹಸಿರು ಗೆರೆಗಳ ಕಾಗದದ ಮೇಲೆ ಸುರಿದರು. ಪರಿಶೀಲನೆ ಅಲ್ಲೇ ಮುಗಿಯಿತು.

ಪಂಪು ಮರುದಿನ ನಿಂತಿತು. ಹೊಂಡದ ನೀರನ್ನು ಓಣಿಯ ನೆಲದೊಳಕ್ಕೇ ವಾಪಸು ತಳ್ಳುವ ಹೊಸ ಕೊಳವೆಗಳನ್ನು ಹಾಕಿದ ಮೇಲೆ, ಏಪ್ರಿಲ್‌ನಲ್ಲಿ ಕೆಲಸ ಮತ್ತೆ ಶುರುವಾಯಿತು. ಒಂದು ಕಂಬದ ತಲೆಯಿಂದ ಮರದ ಚೂರು ತೆಗೆದು ನೋಡಿದರು: ಗಟ್ಟಿಯಿದೆ, ಎರಡೂವರೆ ತಿಂಗಳಲ್ಲವೇ, ಅದೂ ಚಳಿಗಾಲ. ಫ್ಲ್ಯಾಟುಗಳು ಬರುತ್ತವೆ, ಹಳೇ ಮನೆಗಳೂ ಇರುತ್ತವೆ. ಎರಡೂ ಆಗಬಹುದಿತ್ತು, ಮೊದಲಿಂದಲೇ. ಮರಿತ್‌ಳ ಮನೆ ಮಾತ್ರ ಮುಂದಿನ ಬೇಸಿಗೆಗೆ ಹೋಯಿತು.

ಕಟ್ಟಡದವರ ವರದಿ ಅರವತ್ತು ಪುಟ ಇದೆ. ಅದರಲ್ಲಿ ಫೆನ್ನಾರ ಹೆಸರಿಲ್ಲ. "ಅಳತೆಗಾರರ ಲೋಪ" ಎಂಬ ಎರಡು ಪದ ಇದೆ, ನಲವತ್ತೊಂದನೇ ಪುಟದಲ್ಲಿ. ಓಣಿ ಉಳಿದದ್ದು ಯಾರಿಂದ ಎಂದು ಹುಡುಕಿದರೆ ಅರವತ್ತು ಪುಟದಲ್ಲಿ ಯಾರೂ ಸಿಗುವುದಿಲ್ಲ. ಇದನ್ನು ಓದಿ ಮೇಜು ಗುದ್ದಬೇಕು ಅನ್ನಿಸಿದವರಿಗೆ ಫೆನ್ನಾ ಕೊಡುವ ಉತ್ತರ ಇಷ್ಟೇ: "ಲೋಪ ಆಗಿದ್ದು ನಿಜ ತಾನೆ? ಬರೀಲಿ ಬಿಡಿ."

ಜೂನ್ ಮೂವತ್ತಕ್ಕೆ ಇನ್ನು ಹತ್ತೇ ದಿನ. ಇಷ್ಟು ವರ್ಷದ ಕೆಲಸಕ್ಕೆ ಪ್ರತಿಯಾಗಿ ಏನು ಬೇಕು ಎಂದು ಕೇಳಿದರೆ, ಬಹಳ ಯೋಚಿಸಿ, ಗಂಟೆಯನ್ನು ತಮ್ಮಲ್ಲೇ ಬಿಟ್ಟರೆ ಸಾಕು ಅಂತಾರೆ. ಕೊಡದಿದ್ದರೂ ಪರವಾಗಿಲ್ಲ, ಹದಿನಾಲ್ಕನೇ ಮನೆಯ ಹೊಸ್ತಿಲಿನ ಅಳತೆಯನ್ನು ಕಂಪ್ಯೂಟರಿನಲ್ಲಿ ಯಾರಾದರೂ ಬರೆದಿಟ್ಟುಕೊಳ್ಳಲಿ. ಅದನ್ನವರು ಚೀಟಿಯಲ್ಲಿ ಬರೆದು ಮೂರು ಸಲ ಕಳಿಸಿದ್ದಾರೆ.

ಈಗ ಮತ್ತೆ ಇದೇ ಬೆಳಗಿಗೆ ಬರೋಣ. ಮೂರು ಗುಳುಕ್ ಆಗಿದೆ, ಹಾಲಿನವನು ಹೋಗಿದ್ದಾನೆ. ಬೀದಿಯ ಮಟ್ಟಕ್ಕೇ ಇರುವ ಕೊಳವೆಗೆ ಮುಚ್ಚಳ ಹಾಕಿ ಫೆನ್ನಾ ಏಳುವಷ್ಟರಲ್ಲಿ ಅದ್ರಿಯಾನ್ ಅಜ್ಜ ಬಾಗಿಲು ತೆರೆದು ಮೂಗು ಹಿಡಿದು ನಿಂತಿದ್ದಾರೆ. ಹುಬ್ಬಿನ ಮೇಲೆ ಅಕ್ಟೋಬರಿನ ಗೆರೆ ಇನ್ನೂ ಇದೆ.

"ಬಾ ಒಳಗೆ," ಅಂತಾರೆ. "ಮನೆಯೆಲ್ಲ ಮತ್ತೆ ನಾರ್ತಿದೆ. ಎಲ್ಲಾ ನಿನ್ನಿಂದ."

ಫೆನ್ನಾ ಹೊಸ್ತಿಲ ಮೇಲೆ ನಿಂತು, ಕಣ್ಣುಮುಚ್ಚಿ, ಉದ್ದಕ್ಕೆ ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ಆಗಷ್ಟೇ ಬರೆದ ಎಪ್ಪತ್ತನಾಲ್ಕು ಎಂಬ ಅಂಕಿಯ ಪಕ್ಕದಲ್ಲಿ, ಯಾವ ಕಂಪ್ಯೂಟರೂ ಕೇಳದ ಎರಡು ಪದ ಸೇರಿಸುತ್ತಾರೆ: ನಾತ ಇದೆ.