ಬೆಕ್ಕು ನೋಡುತ್ತಿದ್ದ ಜಾಗ

ಚಿತ್ರದಲ್ಲಿ ಈಳಿಗೆಮಣೆಯ ಮುಂದೆ ಅರ್ಧ ಕೊಯ್ದ ಬಂಗಡೆ ಇತ್ತು. ಮಣೆಯ ಮೇಲೆ ಯಾರೂ ಇರಲಿಲ್ಲ. ಪಕ್ಕದಲ್ಲಿದ್ದ ಬೆಕ್ಕು ಮಾತ್ರ ಕತ್ತೆತ್ತಿ, ಅಲ್ಲಿ ಕೂತವರ ಮುಖ ನೋಡುವಂತೆ ಬರಿಗಾಳಿಯನ್ನು ದಿಟ್ಟಿಸುತ್ತಿತ್ತು.

ಅದು ಕುಮಟಾದಲ್ಲಿ ನಡೆದ ಫೋಟೊ ಪ್ರದರ್ಶನ. ‘ಎಲ್ಲ ಬಿಟ್ಟು ಎಲ್ಲಿಗೆ ಹೋಗ್ತೀರಿ?’ ಎಂದು ಫೋಟೊ ತೆಗೆಯುವವರು ಸುತ್ತಲಿನ ಹೆಂಗಸರನ್ನು ಕೇಳಿ, ಅವರು ಹೇಳಿದ ಜಾಗದಲ್ಲೇ ಅವರ ಚಿತ್ರವನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದರು. ಒಬ್ಬರು ಹಿಮದ ಬೆಟ್ಟದಲ್ಲಿದ್ದರು, ಇನ್ನೊಬ್ಬರು ಮೋಡದ ಮೇಲೆ.

“ಇದು ನಂದು,” ಎಂದರು ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು. “ನಂಗೆ ಎಲ್ಲಿಗೂ ಹೋಗೂದು ಬ್ಯಾಡ, ನಾ ಇಲ್ದಿದ್ರೆ ಮನೆ ಹ್ಯಾಂಗ್ ಕಾಣ್ತದೆ ತೋರ್ಸಿ ಅಂದೆ. ಮೀನು ಕೊಯ್ತಾ ಕೂತಿದ್ದ ನನ್ನ ಅಳಿಸಿಬಿಟ್ರು.”

“ಮನೇಲಿ ನೋಡಿ ಎಂತ ಅಂದ್ರು?”

“ಬೆಕ್ಕು ಚಲೋ ಬಂದದೆ ಅಂದ್ರು.”

ಅವರು ನಗಲಿಲ್ಲ.

ಅಂದು ಸಂಜೆ ನಾನು ಮೀನು ಕೊಯ್ಯುತ್ತಿದ್ದಾಗ ನಮ್ಮ ಬೆಕ್ಕು ಬಂದು ಕತ್ತೆತ್ತಿ ನನ್ನ ಮುಖ ನೋಡಿತು. ನನ್ನ ಕೈ ನಿಂತಿತು. ಟೀವಿ ಮುಂದಿದ್ದ ಮಕ್ಕಳು ಒಮ್ಮೆ ‘ಅಮ್ಮಾ’ ಅನ್ನಲಿ ಎಂದು ಕಾದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿಯೊಂದು ಬಂತು: “ಸಾರು ಆತಾ?”